ಬಿಸಿಗಾಳಿಗೆ ನೀರು ಕುಡಿಸಿ

ಗದಗ ಜಿಲ್ಲೆಯ ನಕ್ಷೆ ತೆಗೆದು ಅದರ ಉತ್ತರದ ಭಾಗವನ್ನು ನೋಡಿ. ಪಶ್ಚಿಮಕ್ಕೆ ನರಗುಂದ, ನಡುವೆ ರೋಣ, ಪೂರ್ವಕ್ಕೆ ಗಜೇಂದ್ರಗಡ. ಅಳತೆಪಟ್ಟಿ ಇಟ್ಟರೆ ಮೂರೂ ಊರುಗಳು ಹೆಚ್ಚುಕಡಿಮೆ ಒಂದೇ ಗೆರೆಯ ಮೇಲೆ ಕೂಡುತ್ತವೆ. ಮೂರರ ಅಕ್ಷಾಂಶವೂ ಸುಮಾರು 15.7 ಡಿಗ್ರಿ ಉತ್ತರ. ಭೂಗೋಳ ಓದುವ ಮಕ್ಕಳಿಗೆ ಇದೊಂದು ಸಣ್ಣ ಸಂಗತಿ. ಬೇಸಿಗೆಯಲ್ಲಿ ಈ ದಾರಿ ಹಿಡಿದು ಮೋಟರ್ ಸೈಕಲ್ ಹೊಡೆಯುವವನಿಗೆ ಮಾತ್ರ ಇದು ದಿನದ ಲೆಕ್ಕ. ಬೆಳಿಗ್ಗೆ ನರಗುಂದದಿಂದ ಗಜೇಂದ್ರಗಡಕ್ಕೆ ಹೊರಟರೆ ಸೂರ್ಯ ಎದುರಿಗೆ. ಸಂಜೆ ಮರಳುವಾಗ ಮತ್ತೆ ಎದುರಿಗೆ. ಗಜೇಂದ್ರಗಡದಿಂದ ಹೊರಡುವವರ ಪುಣ್ಯ ದೊಡ್ಡದು. ಅವರಿಗೆ ಹೋಗುವಾಗಲೂ ಬರುವಾಗಲೂ ಬಿಸಿಲು ಬೆನ್ನಿಗೆ.

ನಾನು ಆ ಪುಣ್ಯವಂತರಲ್ಲಿ ಒಬ್ಬ. ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾಗಿ, ಈಗ ಗಜೇಂದ್ರಗಡದಲ್ಲಿ ನೆಲೆ ನಿಂತಿದ್ದೇನೆ. ವಯಸ್ಸು ಎಪ್ಪತ್ಮೂರು. ನೌಕರಿಯ ಬಹುಪಾಲು ಕಳೆದದ್ದು ಈ ಮೂರು ಊರುಗಳ ಸುತ್ತಿನ ಶಾಖೆಗಳಲ್ಲಿ. ಕಳೆದ ಮೇ ಮೊದಲ ವಾರದಲ್ಲಿ ನರಗುಂದದಲ್ಲಿ ಒಂದು ಲಗ್ನವಿತ್ತು. ನನ್ನೊಡನೆ ರೋಣದ ಶಾಖೆಯಲ್ಲಿ ಜವಾನರಾಗಿದ್ದ ಹಳೆಯ ಗೆಳೆಯರ ಮೊಮ್ಮಗಳ ಲಗ್ನ. ಅದಕ್ಕೆ ತಪ್ಪಿಸುವಂತಿರಲಿಲ್ಲ. ಏಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಬಸ್ಸಿಗೆ ಹೋಗಬಹುದಿತ್ತು. ಆದರೆ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುವ ಮೊಮ್ಮಗ ರಜೆಗೆ ಬಂದಿದ್ದ. ಅವನಿಗೆ ಸೂಡಿ ತೋರಿಸಬೇಕಿತ್ತು, ಬೆಣ್ಣೆಹಳ್ಳದ ಹತ್ತಿರ ಒಂದು ಜಾಗ ತೋರಿಸಬೇಕಿತ್ತು. ಮನೆಯಲ್ಲಿ ಒಂದು ಸ್ಪ್ಲೆಂಡರ್ ಗಾಡಿ ಇದೆ. ಅವನು ಹೊಡೆಯುವುದು, ನಾನು ಹಿಂದೆ ಕೂಡುವುದು ಎಂದು ಮನೆಮಂದಿ ತೀರ್ಪು ಕೊಟ್ಟರು.

ಹೊರಡುವ ದಿನ ನಸುಕಿನಲ್ಲಿ ಮೊಮ್ಮಗ ತೋಳು ಕಾಣುವ ಟೀ ಶರ್ಟ್ ಹಾಕಿಕೊಂಡು ಬಂದು ನಿಂತ. ಅವನ ಅಜ್ಜಿ ತುಂಬುತೋಳಿನ ಹತ್ತಿ ಅಂಗಿ ಹಿಡಿದುಕೊಂಡು ಬೆನ್ನು ಹತ್ತಿದಳು.

“ಅಜ್ಜೀ, ಗಾಡಿ ಓಡಾಕತ್ತಿದ್ರ ಗಾಳಿ ಬಡೀತೈತಿ. ಬಿಸಲು ಗೊತ್ತ ಆಗೂದಿಲ್ಲ” ಎಂದ.

“ಗೊತ್ತ ಆಗೂದಿಲ್ಲ ಅನ್ನೂದ ಖರೆ” ಎಂದೆ. “ಅದಕ್ಕ ಅಂಗಿ ಹಾಕ್ಕೊ.”

ನೀರಿನ ಜಾಡು ಹಿಡಿದು

ಈ ಸೀಮೆಯ ದೊಡ್ಡ ಪಾಲು ಎರೆಭೂಮಿ. ಮಳೆಗಾಲದಲ್ಲಿ ಕಾಲಿಗೆ ಮೆತ್ತಿಕೊಂಡು ಬಿಡದ ಕಪ್ಪು ಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಅಗಲ ಬಿರಿಯುತ್ತದೆ. ಜೋಳ, ಕಡಲೆ, ಕುಸುಬೆ ಎಲ್ಲ ಸುಗ್ಗಿಯಲ್ಲಿ ಮನೆ ಸೇರಿ ಹೊಲಗಳು ಬೆತ್ತಲೆಯಾಗಿರುತ್ತವೆ. ಕಪ್ಪು ಬಣ್ಣ ಬಿಸಿಲನ್ನು ಹೆಚ್ಚು ಹೀರುತ್ತದೆಂದು ಮಕ್ಕಳು ಶಾಲೆಯಲ್ಲಿ ಓದಿರುತ್ತಾರೆ. ಇಲ್ಲಿ ನೆಲವೂ ಕಪ್ಪು, ಡಾಂಬರು ರಸ್ತೆಯೂ ಕಪ್ಪು. ರೇಡಿಯೊದಲ್ಲಿ ಇಂದು ನಲವತ್ತು ಡಿಗ್ರಿ ಎಂದರೆ, ಅದು ನೆಲದಿಂದ ನಾಲ್ಕಡಿ ಎತ್ತರದಲ್ಲಿ, ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ, ನೆರಳಿನಲ್ಲಿ ಅಳೆದ ಲೆಕ್ಕ. ರಸ್ತೆಯ ಮೇಲಿನ ಸವಾರನಿಗೆ ಆ ಪೆಟ್ಟಿಗೆಯ ಭಾಗ್ಯವಿಲ್ಲ.

ಇಂಥ ಸೀಮೆಯಲ್ಲಿ ಹಿಂದಿನವರು ಊರು, ಗುಡಿ, ದಾರಿ ಎಲ್ಲವನ್ನೂ ನೀರಿನ ಜಾಡು ಹಿಡಿದೇ ಮಾಡಿದರು. ಗಜೇಂದ್ರಗಡದ ಹತ್ತಿರ ಗುಡ್ಡದ ಮಗ್ಗುಲಲ್ಲಿ ಕಾಲಕಾಲೇಶ್ವರನ ಗುಡಿಯಿದೆ. ಜನ ಅದನ್ನು ದಕ್ಷಿಣಕಾಶಿ ಎನ್ನುತ್ತಾರೆ. ಅಲ್ಲಿಯ ಅಂತರಗಂಗೆಯ ನೀರು ಬೇಸಿಗೆಯಲ್ಲೂ ನಿಲ್ಲುವುದಿಲ್ಲ. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುತ್ತವೆ, ಕೆಳಗೆ ಅಂತರಗಂಗೆ ಸುರಿಯುತ್ತಿರುತ್ತದೆ. ಗಾಳಿಯೂ ನೀರೂ ಹೀಗೆ ಒಂದೆಡೆ ಸಿಕ್ಕ ಊರು ನಮ್ಮದು. ಕೋಟೆಯ ಊರು ಎಂದೇ ಇದಕ್ಕೆ ಹೆಸರು. 1787ರಲ್ಲಿ ಮರಾಠರಿಗೂ ಟಿಪ್ಪು ಸುಲ್ತಾನನಿಗೂ ನಡುವೆ ಆದ ಒಪ್ಪಂದಕ್ಕೆ ಇತಿಹಾಸದ ಪುಸ್ತಕಗಳಲ್ಲಿ ಗಜೇಂದ್ರಗಡದ್ದೇ ಹೆಸರು.

ಆರು ಗಂಟೆಗೆ ಮುಂಚೆ ಹೊರಟೆವು. ಸೂರ್ಯ ಮೂಡಿದಾಗ ನಮ್ಮ ನೆರಳು ಮುಂದೆ ಉದ್ದಕ್ಕೆ ಚಾಚಿಕೊಂಡು, ನಮಗಿಂತ ಮೊದಲು ರೋಣ ಮುಟ್ಟುವ ಅವಸರದಲ್ಲಿತ್ತು. ಮೊದಲ ನಿಲುಗಡೆ ಸೂಡಿ. 11ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ರಾಜಕುಮಾರಿ ಅಕ್ಕಾದೇವಿ ಆಳಿದ ಕಿಸುಕಾಡು ನಾಡಿನ ಊರು ಇದು. ಜೋಡು ಕಳಸದ ಗುಡಿ ನೋಡಿ, ನಾಗಕುಂಡಕ್ಕೆ ಬಂದೆವು. ಕಲ್ಲಿನಿಂದ ಕಟ್ಟಿ, ಒಳಗೋಡೆಗೆ ಕೆತ್ತನೆ ಮಾಡಿದ ಮೆಟ್ಟಿಲು ಹೊಂಡ. ಮೊಮ್ಮಗ ಮೆಟ್ಟಿಲಿಳಿದು ಕಲ್ಲಿಗೆ ಕೈಯಿಟ್ಟು, “ಅಜ್ಜಾ, ಇಲ್ಲಿ ಹವಾನೇ ಬ್ಯಾರೆ ಐತಿ” ಎಂದ. ಒಂದು ರಾಜಮನೆತನ ಗುಡಿಗೆ ಇಟ್ಟಷ್ಟೇ ಕುಸುರಿಯನ್ನು ಒಂದು ನೀರಿನ ಹೊಂಡಕ್ಕೂ ಏಕೆ ಇಟ್ಟಿತು ಎಂಬುದು ಮೇ ತಿಂಗಳಲ್ಲಿ ಅಲ್ಲಿ ನಿಂತವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ರೋಣ ಮುಟ್ಟಿದಾಗ ಏಳೂವರೆ. ದ್ರೋಣಾಚಾರ್ಯರ ಹೆಸರಿನಿಂದ ದ್ರೋಣಪುರ, ಅದರಿಂದ ರೋಣ ಆಯಿತೆಂದು ಊರಿನವರು ಹೇಳುತ್ತಾರೆ. ಅನಂತಶಯನನ ಗುಡಿಗೆ ಕೈ ಮುಗಿದು, ಖಾನಾವಳಿಯೊಂದರಲ್ಲಿ ಉಪ್ಪಿಟ್ಟು ತಿಂದು, ತಲಾ ಎರಡು ಲೋಟ ಮಜ್ಜಿಗೆ ಕುಡಿದೆವು. ನೀರಡಿಕೆ ಆಗಿರಲಿಲ್ಲ, ಆದರೂ ಕುಡಿದೆವು. ವಯಸ್ಸಾದಂತೆ ನೀರಡಿಕೆ ಹೇಳುವ ಗಂಟೆ ಮೈಯಲ್ಲಿ ಮೆಲ್ಲಗೆ ಬಾರಿಸತೊಡಗುತ್ತದೆ. ನನ್ನ ಓರಗೆಯವರು ಅದರ ದಾರಿ ಕಾಯದೆ ಗಡಿಯಾರ ನೋಡಿ ಕುಡಿಯಬೇಕು.

1983ರ ಒಂದು ಮಧ್ಯಾಹ್ನ

ರೋಣದಿಂದ ನರಗುಂದಕ್ಕೆ ನಲವತ್ತು ಕಿಲೋಮೀಟರಿಗೂ ಹೆಚ್ಚು ದಾರಿ. ನಡುವೆ ಬೆಣ್ಣೆಹಳ್ಳ ದಾಟಬೇಕು. ಮಳೆಗಾಲದಲ್ಲಿ ಊರುಗಳನ್ನೇ ಸುತ್ತುವರಿದು ಹೆದರಿಸುವ ಈ ಹಳ್ಳ, ಮುಂದೆ ಮಲಪ್ರಭೆಯನ್ನು ಸೇರುತ್ತದೆ. ಮೇ ತಿಂಗಳಲ್ಲಿ ನೋಡಿದರೆ ಇದೇ ಆ ಹಳ್ಳವೇ ಎನ್ನಿಸುತ್ತದೆ. ಹಳ್ಳಕ್ಕೆ ಇನ್ನೂ ಸ್ವಲ್ಪ ದೂರವಿರುವಾಗ ಮೊಮ್ಮಗನಿಗೆ ಗಾಡಿ ನಿಲ್ಲಿಸಲು ಹೇಳಿದೆ. ನೋಡಲು ಅಲ್ಲಿ ಏನೂ ಇಲ್ಲ. ಎರಡೂ ಕಡೆ ಬಯಲು, ದೂರದಲ್ಲಿ ಒಂದೆರಡು ಜಾಲಿಗಿಡ.

1983ರ ಮೇ ತಿಂಗಳು. ಎಮ್ಮೆಗೆಂದು, ಎತ್ತಿಗೆಂದು ಕೊಟ್ಟ ಸಾಲಗಳ ನೋಟಿಸು ಹಳ್ಳಿಗಳಿಗೆ ಮುಟ್ಟಿಸಬೇಕಾಗಿತ್ತು. ನಮ್ಮಲ್ಲಿ ಆಗ ಒಂದು ಯೆಜ್ಡಿ ಇತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ. ಗೇರಿನ ಕಡ್ಡಿಯನ್ನೇ ಎಬ್ಬಿಸಿ ನಿಲ್ಲಿಸಿ ಕಿಕ್ ಹೊಡೆಯಬೇಕು; ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕು. ಎಂಜಿನ್ ಕಾದು ಹಿಡಿದುಕೊಂಡೀತೆಂದು ಅಲ್ಲಲ್ಲಿ ನೆರಳು ನೋಡಿ ಗಾಡಿಗೆ ವಿಶ್ರಾಂತಿ ಕೊಡುವ ರೂಢಿ ಎಲ್ಲರಿಗೂ ಇತ್ತು. ಮನುಷ್ಯನಿಗೂ ವಿಶ್ರಾಂತಿ ಬೇಕೆಂಬ ರೂಢಿ ಆ ಕಾಲದ ಯಾವ ಕಚೇರಿಯಲ್ಲೂ ಇರಲಿಲ್ಲ.

ಹಳ್ಳದ ಆಚೆಯ ಊರುಗಳನ್ನು ಮುಗಿಸಿ, ಮಧ್ಯಾಹ್ನ ಒಂದರ ಸುಮಾರಿಗೆ ನಾವಿಬ್ಬರೂ ರೋಣದ ಕಡೆ ಹೊರಟಿದ್ದೆವು. ಹಿಂದೆ ಕುಳಿತ ಜವಾನರು ಮಾತಿನ ಮಲ್ಲ. ದಾರಿಯುದ್ದಕ್ಕೂ ಯಾರ ಎಮ್ಮೆ ಎಷ್ಟು ಹಿಂಡುತ್ತದೆ ಎನ್ನುವುದರಿಂದ ಹಿಡಿದು ಹೊಸ ನಾಟಕದ ತನಕ ಹೇಳುತ್ತಿದ್ದರು. ಮುಂದೆ ರಸ್ತೆಯ ಮೇಲೆ ಬಿಸಿಲುಗುದುರೆ ಕುಣಿಯುತ್ತಿತ್ತು. ಕೆರೆಯ ನೀರು ತುಳುಕಿದಂತೆ ಕಾಣುವುದು, ಹತ್ತಿರ ಹೋದರೆ ಮತ್ತೆ ಅಷ್ಟೇ ದೂರ. ಹೀಗೆ ಹೋಗುತ್ತಿರುವಾಗ ಹಿಂದಿನ ಮಾತು ನಿಂತುಹೋಯಿತು. ಸ್ವಲ್ಪ ಹೊತ್ತಿಗೆ ಮೆಲ್ಲಗೆ, “ಸರ್ರ, ಚಳಿ ಬಂದಂಗ ಆಗತೈತ್ರಿ” ಎಂದರು.

ನಲವತ್ತು ಡಿಗ್ರಿಯ ಬಿಸಿಲಿನಲ್ಲಿ ಚಳಿ! ಗಾಡಿ ನಿಲ್ಲಿಸಿ ತಿರುಗಿ ನೋಡಿದರೆ ಮುಖ ಬಾಡಿತ್ತು, ತೋಳಿನ ಮೇಲೆ ಕೂದಲು ನಿಂತಿದ್ದವು. ಖಾಕಿ ಅಂಗಿಯ ಬೆನ್ನಿಗೆ, ಕಂಕುಳಿಗೆ ಸುಣ್ಣದಲ್ಲಿ ಬರೆದಂತೆ ಬಿಳಿ ಗೆರೆಗಳು. ಅಂಗಿ ಒಂದಿಷ್ಟೂ ಒದ್ದೆಯಿರಲಿಲ್ಲ. ಇಳಿದವರೇ ವಾಂತಿ ಮಾಡಿಕೊಂಡು ಕುಸಿದು ಕುಳಿತರು.

ಹತ್ತಿರದ ಹೊಲದಲ್ಲಿ ಕುರಿ ನಿಲ್ಲಿಸಿದ್ದರು. ಬೇಸಿಗೆಯಲ್ಲಿ ಗೊಬ್ಬರಕ್ಕೆಂದು ರೈತರು ತಮ್ಮ ಹೊಲದಲ್ಲಿ ಹಟ್ಟಿ ಹಾಕಿಸುತ್ತಾರಲ್ಲ, ಹಾಗೆ. ಕುರಿಗಳು ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತೂರಿಸಿ, ತಮ್ಮ ನೆರಳನ್ನು ತಾವೇ ಹಂಚಿಕೊಂಡು ನಿಂತಿದ್ದವು. ಮೂರು ಕೋಲು ನೆಟ್ಟು ಕಂಬಳಿ ಹೊದಿಸಿ ಅದರಡಿ ಒಬ್ಬ ಕುರುಬಜ್ಜ ಕುಳಿತಿದ್ದ. ಆತ ಏನನ್ನೂ ಕೇಳಲಿಲ್ಲ. ಬಂದು ಒಂದು ಕಡೆ ಹಿಡಿದ, ನಾನೊಂದು ಕಡೆ ಹಿಡಿದೆ. ಇಬ್ಬರೂ ಸೇರಿ ಅವರನ್ನು ಕಂಬಳಿಯ ನೆರಳಿಗೆ ಒಯ್ದು ಮಲಗಿಸಿದೆವು.

ಅಜ್ಜ ಅಂಗಿಯ ಗುಂಡಿ ಬಿಚ್ಚಿದ. ತತ್ರಾಣಿಯ ನೀರಿನಲ್ಲಿ ತನ್ನ ಧೋತರ ಅದ್ದಿ ಎದೆ, ಕುತ್ತಿಗೆ, ತಲೆಯ ಮೇಲೆ ಹಾಸಿದ. ಆಮೇಲೆ ಮಾಡಿದ್ದು ನನಗೆ ಅಚ್ಚರಿಯಾಯಿತು. ಗಾಳಿ ಬರುವ ಕಡೆಗೆ ಕಂಬಳಿಯ ಅಂಚನ್ನು ಮೇಲೆತ್ತಿ ಕಟ್ಟಿಬಿಟ್ಟ.

“ಅಜ್ಜಾ, ಅದು ಬಿಸಿಗಾಳಿ ಅಲ್ಲೇನು?” ಎಂದು ಕೇಳಿದೆ.

“ಬಿಸಿಗಾಳಿ ನೀರಡಿಸಿರತೈತಿ ತಮ್ಮಾ” ಎಂದ ಅಜ್ಜ. “ನಿನ್ನ ಮೈಯಾಗಿನ ನೀರ ಕುಡಿಯಾಕ ಬರತೈತಿ. ಬ್ಯಾರೆ ನೀರ ಕುಡಿಸಿದಿ ಅಂದ್ರ ನಿನ್ನ ಬಿಟ್ಟ ಬಿಡತೈತಿ.”

ಧೋತರ ಒಣಗಿದಂತೆ ಮತ್ತೆ ಮತ್ತೆ ಅದ್ದಿ ಹಾಕಿದ. ಅರ್ಧ ಗಂಟೆಯಲ್ಲಿ ನಮ್ಮ ಜವಾನರು ಕಣ್ಣು ಬಿಟ್ಟು ಎದ್ದು ಕುಳಿತರು. ಅಜ್ಜ ಉಪ್ಪು ಹಾಕಿದ ಜೋಳದ ತೆಳು ಅಂಬಲಿಯನ್ನು ಗುಟುಕು ಗುಟುಕಾಗಿ ಕುಡಿಸಿದ. ಸಂಜೆ ಐದರ ತನಕ ಅಲ್ಲಿಂದ ನಮ್ಮನ್ನು ಏಳಗೊಡಲಿಲ್ಲ. ಹೊರಡುವಾಗ ನಾನು ಕಿಸೆಗೆ ಕೈ ಹಾಕಿದ್ದು ಕಂಡು, “ನೀರಿಗೆ ರೊಕ್ಕ ತಗೋತಾರೇನ?” ಎಂದು ನಕ್ಕು ಕುರಿಗಳ ಕಡೆ ಹೋದ.

ಅಂದು ಕಂಬಳಿಯಡಿ ಮಲಗಿದ್ದವರ ಮೊಮ್ಮಗಳ ಲಗ್ನಕ್ಕೆ ನಾವೀಗ ಹೊರಟಿದ್ದೆವು.

ಹರವಿಯ ಜಮಾ-ಖರ್ಚು

ಮೊಮ್ಮಗ ಎಂಜಿನಿಯರಿಂಗ್ ಹುಡುಗ. ಅಜ್ಜನ ಕಥೆ ಕೇಳಿ ಸುಮ್ಮನಾಗುವವನಲ್ಲ. ಅದರ ಲೆಕ್ಕ ಕೇಳಿದ. ದಾರಿಯಲ್ಲಿ ಇಬ್ಬರೂ ಸೇರಿ ಲೆಕ್ಕ ಹಾಕಿದೆವು. ಶಾಲೆಯ ಮಕ್ಕಳಿಗೂ ತಿಳಿಯುವಂತೆ ಅದನ್ನು ಇಲ್ಲಿ ಬರೆಯುತ್ತೇನೆ.

ನಮ್ಮ ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಬೀಸುವ ಗಾಳಿ ಅದಕ್ಕಿಂತ ತಣ್ಣಗಿದ್ದರೆ ಮೈಯ ಬಿಸಿಯನ್ನು ಎತ್ತಿಕೊಂಡು ಹೋಗುತ್ತದೆ. ಆಗ ಅದು ತಂಗಾಳಿ. ಗಾಳಿಯೇ 40 ಡಿಗ್ರಿ ಇದ್ದರೆ ಲೆಕ್ಕ ತಿರುವುಮುರುವು: ಅದು ಬಿಸಿಯನ್ನು ಒಯ್ಯುವ ಬದಲು ತಂದು ಸುರಿಯುತ್ತದೆ. ಗಾಡಿಯ ವೇಗ ಹೆಚ್ಚಿದಷ್ಟೂ ಹೆಚ್ಚು ಸುರಿಯುತ್ತದೆ. ಆಗ ಮೈಗೆ ಉಳಿಯುವ ದಾರಿ ಒಂದೇ, ಬೆವರುವುದು. ಬೆವರು ಆವಿಯಾಗುವಾಗ ಮೈಯ ಬಿಸಿಯನ್ನು ತೆಗೆದುಕೊಂಡು ಹೋಗುತ್ತದೆ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಕಾಯಿಸಲು 1 ಕ್ಯಾಲೊರಿ ಸಾಕು. ಅದೇ ಒಂದು ಗ್ರಾಂ ಬೆವರು ಆವಿಯಾಗಲು ಸುಮಾರು 580 ಕ್ಯಾಲೊರಿ ಬೇಕು. ಎಂಥ ಒಳ್ಳೆಯ ವ್ಯವಹಾರ ನೋಡಿ!

ಆದರೆ ಇದರಲ್ಲಿ ಒಂದು ಅಪಾಯವಿದೆ. ಕಾರವಾರದಲ್ಲೋ ಮಂಗಳೂರಿನಲ್ಲೋ ಬೆವರಿದರೆ ಅಂಗಿ ತೊಯ್ದು ಮೈಗೆ ಅಂಟುತ್ತದೆ. ಮನುಷ್ಯ ತಾನಾಗಿ ನೀರು ಕೇಳುತ್ತಾನೆ. ನಮ್ಮ ಬಯಲುಸೀಮೆಯ ಒಣಗಾಳಿಯಲ್ಲಿ, ಅದೂ ಓಡುವ ಗಾಡಿಯ ಮೇಲೆ, ಬೆವರು ಬಂದ ಕ್ಷಣದಲ್ಲೇ ಆರಿಹೋಗುತ್ತದೆ. ಗಂಟೆಗೆ ಒಂದು ಲೀಟರಿನವರೆಗೆ ನೀರು ಖರ್ಚಾದರೂ ಅಂಗಿ ಒಣಗಿಯೇ ಇರುತ್ತದೆ. ಪಾಸ್‌ಬುಕ್ಕಿನಲ್ಲಿ ಖರ್ಚು ಕಾಣುವುದೇ ಇಲ್ಲ. ಕೊನೆಗೆ ಒಮ್ಮೆಲೇ ಖಾತೆ ಖಾಲಿ ಎಂದು ತಿಳಿಯುತ್ತದೆ. ಅಂಗಿಯ ಮೇಲೆ ಉಳಿಯುವ ಉಪ್ಪಿನ ಬಿಳಿ ಗೆರೆಯೊಂದೇ ಆ ಖರ್ಚಿನ ರಸೀದಿ. “ಬಿಸಲು ಗೊತ್ತ ಆಗೂದಿಲ್ಲ” ಎಂದು ಮೊಮ್ಮಗ ಹೇಳಿದ್ದರ ಅರ್ಥ ಇದು.

ಕುರುಬಜ್ಜ ಮಾಡಿದ್ದು ಮನೆಯ ಹರವಿ ಮಾಡುವ ಕೆಲಸವನ್ನೇ. ಮಣ್ಣಿನ ಹರವಿಯ ಸಣ್ಣ ರಂಧ್ರಗಳಿಂದ ನೀರು ಹೊರಗೆ ಜಿನುಗಿ, ಗಾಳಿಗೆ ಆವಿಯಾಗುತ್ತ ಒಳಗಿನ ನೀರಿನ ಬಿಸಿಯನ್ನು ಒಯ್ಯುತ್ತದೆ. ಗಾಳಿ ಒಣಗಿದಷ್ಟೂ ನೀರು ತಂಪು. ಒದ್ದೆ ಧೋತರ ಹಾಸಿದಾಗ ಮಲಗಿದವರ ಮೈಯೇ ಹರವಿಯಾಯಿತು. ಅವರನ್ನು ಕೆಡವಿದ ಗಾಳಿಯೇ ಅವರನ್ನು ಎಬ್ಬಿಸಿತು. ನಡುವೆ ಸೇರಿದ್ದು ಒಂದು ತತ್ರಾಣಿ ನೀರು ಮಾತ್ರ. ಗಾಳಿಯಲ್ಲೇ ತೇವ ತುಂಬಿರುವ ಕರಾವಳಿಯಲ್ಲಿ ಈ ಉಪಾಯ ಇಷ್ಟು ಚೆನ್ನಾಗಿ ನಡೆಯುವುದಿಲ್ಲ. ನಮ್ಮ ಎರೆಸೀಮೆಗೆ ಮಾತ್ರ ಹೇಳಿ ಮಾಡಿಸಿದ್ದು.

ನೆರಳಿಲ್ಲದ ಗಳಿಗೆ

ನರಗುಂದದ ಗುಡ್ಡ ಬಹಳ ದೂರದಿಂದಲೇ ಕಾಣುತ್ತದೆ. ಬಯಲಿನ ನಡುವೆ ಒಮ್ಮೆಲೇ ಎದ್ದ ಕಲ್ಲುಗುಡ್ಡ, ಅದರ ಬುಡದಲ್ಲಿ ಊರು. ಒಂಬತ್ತರ ಹೊತ್ತಿಗೆ ಮುಟ್ಟಿದೆವು. ನರಗುಂದದ ದೊರೆ ಬಾಬಾಸಾಹೇಬ ಭಾವೆ ಬ್ರಿಟಿಷರ ವಿರುದ್ಧ ಎದ್ದದ್ದು ಇಂಥ ಬಿಸಿಲಿನಲ್ಲೇ ಎಂದು ಮೊಮ್ಮಗನಿಗೆ ಹೇಳಿದೆ. 1858ರ ಮೇ 29ರ ರಾತ್ರಿ ಹತ್ತಿರದ ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಹತನಾದ. ಕೆಲವೇ ದಿನಗಳಲ್ಲಿ ಕೋಟೆ ಬಿದ್ದು, ಜೂನ್ ತಿಂಗಳಲ್ಲಿ ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಮುಂದೆ 1980ರ ಜುಲೈ 21ರಂದು ಮಲಪ್ರಭಾ ಕಾಲುವೆಯ ಕರದ ವಿರುದ್ಧ ರೈತರು ಎದ್ದದ್ದೂ, 2015ರಲ್ಲಿ ಮಹದಾಯಿ ನೀರಿಗಾಗಿ ಧರಣಿ ಕೂತದ್ದೂ ಇದೇ ಊರಿನಲ್ಲಿ. ನರಗುಂದದವರು ನೀರಿನ ಬೆಲೆಯನ್ನು ಪುಸ್ತಕದಿಂದ ಕಲಿತವರಲ್ಲ.

ಲಗ್ನದ ಮನೆಯ ಬಾಗಿಲಲ್ಲೇ ಗೆಳೆಯರು ಕುಳಿತಿದ್ದರು. ಪಕ್ಕದಲ್ಲಿ ಮರಳಿನ ಮೇಲೆ ಎರಡು ದೊಡ್ಡ ಹರವಿ, ಅವಕ್ಕೆ ಸುತ್ತಿದ ಒದ್ದೆ ಬಟ್ಟೆ. 1983ರ ನಂತರ ಪ್ರತಿ ವರ್ಷ ಯುಗಾದಿಯಿಂದ ಮುಂಗಾರಿನ ತನಕ ಇವರ ಮನೆ ಮುಂದೆ ಹರವಿ ಇರುತ್ತದೆ. “ಸರ್ರ, ಈ ವಯಸ್ಸಿನ್ಯಾಗೂ ಮೋಟರ್ ಸೈಕಲ್ ಮ್ಯಾಲೇ ಬಂದ್ರೇನ್ರಿ?” ಎಂದು ನಕ್ಕು, ಮೊದಲು ಬೆಲ್ಲದ ತುಣುಕು, ಆಮೇಲೆ ನೀರು ಕೊಟ್ಟರು.

ಅಕ್ಕಿಕಾಳಿನ ಮುಹೂರ್ತ ಹನ್ನೆರಡೂಕಾಲಿಗೆ ಇತ್ತು. ಅದು ಮುಗಿಯುತ್ತಲೇ ಮೊಮ್ಮಗ ಮಕ್ಕಳನ್ನೆಲ್ಲ ಅಂಗಳಕ್ಕೆ ಕರೆದು, ಒಂದು ಸ್ಟೀಲ್ ಲೋಟವನ್ನು ಬಿಸಿಲಿನಲ್ಲಿ ನಿಲ್ಲಿಸಿದ. ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷದ ಹೊತ್ತಿಗೆ ಲೋಟದ ನೆರಳು ಎಲ್ಲೂ ಕಾಣಲಿಲ್ಲ. ಮಕ್ಕಳು ತಮ್ಮ ತಮ್ಮ ನೆರಳು ಹುಡುಕಿ ಕುಣಿದಾಡಿದರು. ಸೂರ್ಯ ನೆತ್ತಿಯ ಮೇಲೆ ನೆಟ್ಟಗೆ ನಿಲ್ಲುವುದು ವರ್ಷಕ್ಕೆ ಎರಡೇ ಸಲ. ನಮ್ಮ ಈ ಮೂರು ಊರುಗಳಲ್ಲಿ ಮೇ ಮೊದಲ ವಾರದಲ್ಲಿ ಒಮ್ಮೆ, ಆಗಸ್ಟಿನಲ್ಲಿ ಇನ್ನೊಮ್ಮೆ. ಒಂದೇ ಅಕ್ಷಾಂಶದ ಊರುಗಳಾದ್ದರಿಂದ ಮೂರಕ್ಕೂ ಒಂದೇ ದಿನ. ಗಜೇಂದ್ರಗಡದ ನೆತ್ತಿಯಿಂದ ನರಗುಂದದ ನೆತ್ತಿಗೆ ಬರಲು ಸೂರ್ಯನಿಗೆ ಎರಡು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಸಾಕು. ನಮಗೆ ಮೂರು ತಾಸು ಹಿಡಿದಿತ್ತು.

ಎರಡು ಗಂಟೆಗೆ ಬಂದ ಹುಡುಗ

ಗೋಧಿ ಹುಗ್ಗಿ, ಬದನೆಕಾಯಿ ಎಣ್ಣೆಗಾಯಿ ಊಟವಾದ ಮೇಲೆ ಮೊಮ್ಮಗ ಗಡಿಯಾರ ನೋಡಿದ. “ಅಜ್ಜಾ, ಈಗ ಹೊಂಟ್ರ ನಾಲ್ಕಕ್ಕ ಮನಿ ಮುಟ್ಟತೀವಿ.”

ನಾನು ಉತ್ತರ ಕೊಡುವ ಮೊದಲೇ ಬಾಗಿಲಲ್ಲಿ ಒಂದು ಗಾಡಿ ನಿಂತಿತು. ಬೆನ್ನ ಮೇಲೆ ದೊಡ್ಡ ಕಪ್ಪು ಚೀಲ ಹೊತ್ತ ಪಾರ್ಸೆಲ್ ಹುಡುಗ. ಮೊಮ್ಮಗನ ವಯಸ್ಸೇ. ಪಕ್ಕದ ಓಣಿಯ ಮನೆಯೊಂದರ ವಿಳಾಸ ಕೇಳಿದ. ಗೆಳೆಯರು ವಿಳಾಸ ಹೇಳುವ ಬದಲು ಅವನ ಅಂಗಿ ನೋಡುತ್ತಿದ್ದರು. ತೋಳಿನ ಸಂದಿಯಲ್ಲಿ ಬಿಳಿ ಗೆರೆ.

“ಕೂಡು. ನೀರ ಕುಡಿ.”

“ಬ್ಯಾಡ್ರಿ ಕಾಕಾ, ಇನ್ನ ಹನ್ನೆರಡ ಪಾರ್ಸೆಲ್ ಅದಾವ.”

“ಮೂತ್ರಕ್ಕ ಯಾವಾಗ ಹೋಗಿದ್ದಿ?”

ಹುಡುಗ ನಾಚಿಕೊಂಡು, “ಮುಂಜಾನೆ” ಎಂದ.

ಗೆಳೆಯರು ಮತ್ತೆ ಮಾತಾಡಲಿಲ್ಲ. ಕೈ ಹಿಡಿದು ನೆರಳಿಗೆ ಕೂಡಿಸಿದರು. ಬೆಲ್ಲ, ನೀರು, ಆಮೇಲೆ ಉಪ್ಪು ಹಾಕಿದ ಮಜ್ಜಿಗೆ. ಅವನ ಕುತ್ತಿಗೆಯ ಟಾವೆಲ್ಲನ್ನು ತೆಗೆದು ಹರವಿಯ ನೀರಿನಲ್ಲಿ ಅದ್ದಿ, ಹಿಂಡಿ, ತಲೆ-ಕುತ್ತಿಗೆ ಸುತ್ತಿ, ಮೇಲೆ ಹೆಲ್ಮೆಟ್ ಹಾಕಿಸಿದರು. ಅವನ ಖಾಲಿ ಬಾಟಲಿ ತುಂಬಿಸಿದರು. ಅಷ್ಟಕ್ಕೆಲ್ಲ ಹಿಡಿದದ್ದು ಹತ್ತು ನಿಮಿಷ. ಹುಡುಗ ಗಾಡಿ ಹತ್ತಿ ಓಣಿಯ ತುದಿಗೆ ಹೋಗಿ, ತಿರುಗಿ ಕೂಗಿದ: “ಕಾಕಾ, ಎ.ಸಿ. ಹಚ್ಚಿದಂಗ ಆತ್ರಿ!”

ಮೊಮ್ಮಗ ನೋಡುತ್ತ ನಿಂತಿದ್ದ. ಹೊರಡುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ನಮಗೆ ಸಂಜೆಯ ತನಕ ಕೂಡುವ ಅನುಕೂಲವಿತ್ತು. ಆ ಹುಡುಗನಿಗೆ ಇರಲಿಲ್ಲ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರ ತನಕ ನಮ್ಮ ರಸ್ತೆಗಳ ಮೇಲೆ ಯಾರು ಇರುತ್ತಾರೆ ಎಂದು ಒಮ್ಮೆ ಎಣಿಸಿ ನೋಡಿ. ಪಾರ್ಸೆಲ್ ತರುವವರು, ಕಂತು ವಸೂಲಿಗೆ ಬರುವವರು, ಅಂಚೆಯವರು, ಐಸ್ ಕ್ಯಾಂಡಿ ಮಾರುವವರು, ಸ್ಕೂಟರಿನ ಮೇಲೆ ಹಳ್ಳಿಗೆ ಹೋಗುವ ಆಶಾ ಕಾರ್ಯಕರ್ತೆಯರು. ಬಿಸಿಲಿನಲ್ಲಿ ಹೋಗಬೇಡಿ ಎಂದು ಇವರಿಗೆ ಹೇಳುವುದು ಸುಲಭ. ಅದನ್ನು ಪಾಲಿಸುವುದು ಅವರ ಕೈಯಲ್ಲಿಲ್ಲ.

ಹೋಗಲೇಬೇಕಾದವರಿಗೆ ಈ ಹಳೆಯ ಸವಾರನ ನಾಲ್ಕು ಮಾತು. ತುಂಬುತೋಳಿನ, ಸಡಿಲವಾದ ತಿಳಿಬಣ್ಣದ ಹತ್ತಿ ಬಟ್ಟೆ ಹಾಕಿ. ಬರಿಮೈಗೆ ಬಿಸಿಗಾಳಿ ಬಡಿಯಬಾರದು. ಹೆಲ್ಮೆಟ್ಟಿನ ಕೆಳಗೆ, ಕುತ್ತಿಗೆಗೆ ಒದ್ದೆ ಬಟ್ಟೆ ಇರಲಿ. ಒಣಗಿದಾಗ ಮತ್ತೆ ಅದ್ದಿ. ಅರ್ಧ ಗಂಟೆಗೊಮ್ಮೆ ನಿಂತು ನೀರಡಿಕೆಯಿಲ್ಲದಿದ್ದರೂ ಕುಡಿಯಿರಿ. ಓ.ಆರ್.ಎಸ್. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಪಾಟು ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು ಬೆರೆಸಿಕೊಳ್ಳಿ. ಟಯರಿನ ಗಾಳಿಯನ್ನು ಹೊರಡುವ ಮುನ್ನ, ಗಾಲಿ ತಣ್ಣಗಿರುವಾಗ ನೋಡಿ. ದಾರಿಯಲ್ಲಿ ಕಾದು ಒತ್ತಡ ಏರಿತೆಂದು ಗಾಳಿ ಬಿಡಬೇಡಿ. ಗಾಳಿ ಕಡಿಮೆಯಾದ ಟಯರು ಇನ್ನೂ ಹೆಚ್ಚು ಕಾಯುತ್ತದೆ.

ತಲೆನೋವು, ತಲೆಸುತ್ತು, ಓಕರಿಕೆ, ಕಾಲು ಹಿಡಿಯುವುದು, ಬಿಸಿಲಿನಲ್ಲಿ ಚಳಿಯಾಗುವುದು, ಇದರಲ್ಲಿ ಯಾವುದು ಬಂದರೂ ಗಾಡಿ ನಿಲ್ಲಿಸಿ ನೆರಳು ಸೇರಬೇಕು. ಮಾತು ತೊದಲಿದರೆ, ತಾನು ಎಲ್ಲಿದ್ದೇನೆಂದು ತಿಳಿಯದಿದ್ದರೆ, ಎಚ್ಚರ ತಪ್ಪಿದರೆ ಅದು ಜೀವಕ್ಕೆ ಅಪಾಯ. 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವ ತನಕ ಮೈಗೆ ನೀರು ಹಾಕಿ ಗಾಳಿ ಬೀಸುತ್ತಲೇ ಇರಬೇಕು. ಎಚ್ಚರವಿಲ್ಲದವರ ಬಾಯಿಗೆ ಮಾತ್ರ ನೀರು ಹಾಕಬಾರದು.

ಐದು ಗಂಟೆಗೆ ಹೊರಟೆವು. ತಲೆಗೆ ಒದ್ದೆ ಬಟ್ಟೆ ಸುತ್ತಿಕೊಳ್ಳುವಂತೆ ಈ ಸಲ ಮೊಮ್ಮಗನಿಗೆ ಯಾರೂ ಹೇಳಬೇಕಾಗಲಿಲ್ಲ. ಬೆಣ್ಣೆಹಳ್ಳ ದಾಟಿದ ಮೇಲೆ ಬಿಸಿಲು ಮೆತ್ತಗಾಗಿ, ದೂರದ ಮೋಡವೊಂದರಲ್ಲಿ ಮಿಂಚು ಕಂಡಿತು. ಮಳೆ ಬರಲಿಲ್ಲ. ಗಾಳಿಯಲ್ಲಿ ಮಾತ್ರ ಎಲ್ಲೋ ಬಿದ್ದ ಮಳೆಯ ಮಣ್ಣಿನ ವಾಸನೆ ಇತ್ತು.

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ-ನೀರು, ಆಮೇಲೆ ಏನು ಬಂದಿರಿ ಎಂಬ ಮಾತು. ಈಗ ಬರುವವರು ಬಾಗಿಲಲ್ಲೇ ನಿಂತು, ಪೊಟ್ಟಣ ಕೊಟ್ಟು, ಫೋಟೊ ತೆಗೆದುಕೊಂಡು ಹೋಗಿಬಿಡುತ್ತಾರೆ. ನಾವೂ ಬಾಗಿಲು ಹಾಕಿಕೊಳ್ಳುತ್ತೇವೆ. ಮಕ್ಕಳೇ, ಈ ಬೇಸಿಗೆ ರಜೆಯಲ್ಲಿ ನಿಮಗೊಂದು ಕೆಲಸ. ಕುಂಬಾರರ ಮನೆಯಿಂದ ಒಂದು ಹರವಿ ತರಿಸಿ ಮನೆ ಮುಂದೆ ನೆರಳಿನಲ್ಲಿ ಇಡಿ. ದಿನಾ ತೊಳೆದು ತುಂಬುವ ಪಾಳಿ ನಿಮ್ಮದಾಗಲಿ. ಪಕ್ಕದ ಡಬ್ಬಿಯಲ್ಲಿ ನಾಲ್ಕು ತುಣುಕು ಬೆಲ್ಲ. ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಬೋರಲು ಹಾಕಿದ ಒಂದು ಲೋಟ. ಮಧ್ಯಾಹ್ನ ಯಾರದಾದರೂ ಗಾಡಿ ಬಾಗಿಲಲ್ಲಿ ನಿಂತ ಸದ್ದಾದರೆ, ಪಾರ್ಸೆಲ್ ಯಾರದು ಎಂದು ಕೇಳುವ ಮೊದಲು ಆ ಲೋಟವನ್ನು ಎತ್ತಿ ತುಂಬಿ.